ಕುಂಕುಮ ಹಚ್ಚಿದ ನೋಟು

‘ಅಪ್ಪಾ, ಮೊದಲು ನೋಟು ಒಳಗಿಡು. ಎಲ್ಲಾರೂ ನೋಡಾಕತ್ಯಾರ!’

ಕದ್ದ ಮಾಲು ಹೊರಗೆ ತೆಗೆದಿದ್ದೆನೇ ನಾನು? ಮಗಳು ಓದುವ ಯೂನಿವರ್ಸಿಟಿಯ ಕ್ಯಾಂಟೀನಿನಲ್ಲಿ ಅವಳ ಕೈಗೆ ಐನೂರರ ನೋಟು ಕೊಡಲು ಹೋಗಿದ್ದೆ, ಅಷ್ಟೇ. ಹೌದು, ಅದರ ಮೂಲೆಯಲ್ಲಿ ಕುಂಕುಮದ ಬೊಟ್ಟಿತ್ತು.

ನಮ್ಮ ನೇಕಾರರ ಮನೆಯ ಪದ್ಧತಿ ಅದು. ಸೀರೆ ಮಗ್ಗದಿಂದ ಇಳಿದಾಗ ಕೊನೆಯ ಎಳೆಗೆ ಕುಂಕುಮ. ಮಾರಿ ಬಂದ ರೊಕ್ಕದ ಮೊದಲ ನೋಟಿಗೂ ಕುಂಕುಮ. ಆ ನೋಟು ಮಗಳ ಓದಿಗೇ. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು ನಾನು. ಯಾರ ಮುಂದೂ ಕೈ ಒಡ್ಡಿದವನಲ್ಲ.) ನಾರಾಯಣಪೇಟೆಯಿಂದ ಬಸ್ಸು ಹತ್ತಿ ನಾನೇ ಹೋಗಿ ಅವಳ ಕೈಗಿಟ್ಟು ಬರುತ್ತಿದ್ದೆ.

‘ಯಾಕವ್ವಾ, ಖೋಟಾ ನೋಟೇನಿದು?’

‘ಹಂಗಲ್ಲಪ್ಪಾ. ಮೊದಲ್ನೇ ವರ್ಷ ಇಂಥಾದೇ ನೋಟು ಇಲ್ಲಿ ಕೊಟ್ಟಿದ್ದೆ. ಗುಡಿ ಹುಂಡಿ ಒಡದು ಬಂದಿಯೇನಲೇ ಅಂತ ಗೆಳತ್ಯಾರು ನಕ್ರು. ಅವತ್ತಿಂದ ನನ್ನ ಹೆಸರೇ ಹುಂಡಿ. ಹುಂಡಿ ಬಂದ್ಲು, ಹುಂಡಿ ಹೋದ್ಲು. ಮರುದಿನಾನೇ ಫೋನ್‌ನಾಗ ವ್ಯಾಲೆಟ್ ಹಾಕ್ಕೊಂಡೆ.’

‘ಮತ್ತ, ನಾ ಕೊಟ್ಟ ನೋಟು?’

‘ಮೆಸ್ಸಿನ ಅಕ್ಕಗ ಕೊಟ್ಟು, ಅಕಿ ಕಡೆಯಿಂದ ಫೋನಿಗೆ ಹಾಕಿಸ್ಕೊಂತೀನಿ.’

ಅಷ್ಟು ಹೇಳಿ ಚಹಾದ ರೊಕ್ಕವನ್ನೂ ಫೋನಿನಲ್ಲೇ ಕೊಟ್ಟಳು.

ಓದುವ ಹುಡುಗರು ಯಾಕೆ ಫೋನಿಗೆ ಬಿದ್ದರು ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ಸಲೀಸಂತೆ. ಸ್ಪೀಡಂತೆ. ಚಿಲ್ಲರೆ ತಂಟೆಯಿಲ್ಲವಂತೆ. ಕ್ಯಾಶ್‌ಬ್ಯಾಕ್ ಬೇರೆ! ನನ್ನ ಮಗಳಿಗೆ ಬೇಕಾಗಿದ್ದು ಅಪ್ಪನ ಬೆರಳಿನ ಗುರುತಿಲ್ಲದ ರೊಕ್ಕ. ಇದನ್ನು ಯಾವ ಭಾಷಣದಲ್ಲಿ ಹೇಳುತ್ತಾರೆ?

ಈಗ ನಾನೂ ಫೋನಿಗೇ ಕಳಿಸುತ್ತೇನೆ. ಬಸ್ ಚಾರ್ಜು ಉಳಿಯಿತು. (ಲಾಭವೇ ಅಲ್ಲವೇ?)

ಮೊನ್ನೆ ಮಗಳ ಫೋನು ಬಂತು. ‘ಅಪ್ಪಾ, ಕಾಲೇಜಿನಾಗ ಟ್ರೆಡಿಷನಲ್ ಡೇ ಐತಿ. ಗೆಳತ್ಯಾರಿಗೆ ನಮ್ಮ ಮಗ್ಗದ ಸೀರೇನೇ ಬೇಕಂತ. ಫೋನಿಗೆ ರೊಕ್ಕ ಹಾಕ್ತಾರ.’

‘ಯಾರವ್ವಾ? ಹುಂಡಿ ಅಂದವ್ರೇನು?’

‘ಹೂಂ. ಅವ್ರೇ.’

ಸೀರೆಗಳು ಮಗ್ಗದಿಂದ ಇಳಿದಿವೆ. ಒಂದೊಂದರ ಕೊನೆಯ ಎಳೆಗೂ ನನ್ನ ಬೆರಳಿನ ಕುಂಕುಮವಿದೆ. ನೀವೇ ಹೇಳಿ, ಒರೆಸಿ ಕಳಿಸಲೇ?