ಮಾರ್ತಾಳ ಸೈಕಲ್ಲಿಗೊಂದು ಮಣ್ಣಿನ ದಾರಿ

"ಇಲ್ಲಿ ಹತ್ತಿರದಲ್ಲಿ ಟ್ರೇಲ್ ಎಲ್ಲಿದೆ?" ಎಂದು ನಮ್ಮ ಮಹಡಿಮನೆಗೆ ಬಾಡಿಗೆಗೆ ಬಂದ ಮಾರ್ತಾ ಕೇಳಿದಾಗ ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ಟ್ರಯಲ್ ರೂಮಾ? ಬಟ್ಟೆ ಅಂಗಡೀಲಿ ಇರುತ್ತಲ್ಲ" ಎಂದರು.

ತಪ್ಪು ಅವರದಲ್ಲ. ಅಟ್ಟೂರಿನ ಈ ಲೇಔಟಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇವೆ. ಇಂಥ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ.

ಮಾರ್ತಾ ಸ್ಲೊವೇನಿಯಾದವಳು. (ಅದು ಎಲ್ಲಿದೆ ಎಂದು ಒಳಗೆ ಹೋಗಿ ಫೋನಿನಲ್ಲಿ ನೋಡಿಕೊಂಡೆ. ನೀವೂ ನೋಡಿಕೊಳ್ಳಿ, ಸಂಕೋಚ ಬೇಡ.) ನಲವತ್ತು ದಾಟಿದವಳು, ಯಲಹಂಕ ಕಡೆಯ ಒಂದು ಕಂಪನಿಯಲ್ಲಿ ಎರಡು ವರ್ಷದ ಕೆಲಸಕ್ಕೆ ಬಂದಿದ್ದಳು. ತಂದದ್ದು ಎರಡು ಸೂಟ್‌ಕೇಸು, ಮತ್ತು ಫ್ರಿಜ್ಜಿನಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬಿಚ್ಚಿಟ್ಟ ಸೈಕಲ್. ದಪ್ಪ ಟೈರು, ಮುಂದೆ ಮೋಟರ್‌ಬೈಕಿಗಿರುವಂಥ ಶಾಕ್ ಅಬ್ಸಾರ್ಬರ್. ಡಾಂಬರು ರಸ್ತೆಗೆ ಮಾಡಿದ್ದಲ್ಲ ಅದು. ಗುಡ್ಡ, ಮರ, ಬಂಡೆಗಳ ನಡುವೆ ನುಸುಳುವ ಮಣ್ಣಿನ ದಾರಿಗೆ ಮಾಡಿದ್ದು. ಆ ದಾರಿಗೇ ಟ್ರೇಲ್ ಎನ್ನುತ್ತಾರಂತೆ. ಅವಳೂರಿನಲ್ಲಿ ಹಿತ್ತಿಲ ಬಾಗಿಲು ತೆಗೆದರೆ ಟ್ರೇಲ್.

"ಇಲ್ಲಿ ಎಲ್ಲಾ ರೋಡೂ ಅದೇ ಅಲ್ವಾ" ಎಂದು ಗಂಡ ಜೋಕ್ ಮಾಡಿದರು. ಮುಂದಿನ ವಾರದೊಳಗೆ ಇದೇ ಜೋಕನ್ನು ಲೇಔಟಿನ ಹನ್ನೊಂದು ಗಂಡಸರು ಅವಳಿಗೆ ಹೇಳಿದರು. ಹನ್ನೊಂದು ಸಲವೂ ನಕ್ಕಳು. ಒಳ್ಳೆಯ ಮನೆತನದ ಹೆಣ್ಣು.

ಗೊತ್ತಿಲ್ಲ ಎಂದು ಹೇಳಿ ನಮಗೆ ಅಭ್ಯಾಸವಿಲ್ಲವಲ್ಲ, ಸಲಹೆಗಳು ಸುರಿದವು. "ನಂದಿಬೆಟ್ಟಕ್ಕೆ ಹೋಗ್ಲಿ" ಎಂದರು ಎಲ್ಲರೂ. (ಉತ್ತರ ಬೆಂಗಳೂರಿನಲ್ಲಿ ಪ್ರಶ್ನೆ ಯಾವುದಾದರೂ ಉತ್ತರ ನಂದಿಬೆಟ್ಟ.) ಹೋದಳು. ಭಾನುವಾರ ಬೇರೆ. ಅರ್ಧ ದಿನದ ಮೇಲೆ ವಾಪಸ್ ಬಂದು, "ವ್ಯೂ ಚೆನ್ನಾಗಿತ್ತು. ಎಷ್ಟೊಂದು ಬಣ್ಣದ ಕಾರುಗಳು" ಎಂದಳು.

ನಾನು ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ವಿಚಾರಿಸಿದೆ. ಒಬ್ಬರು ಜಿಮ್ಮಿನ ಡಿಸ್ಕೌಂಟ್ ಆಫರ್ ಕಳಿಸಿದರು. ಇನ್ನೊಬ್ಬರು ಮಗನ ಹಳೇ ಸೈಕಲ್ ಮಾರುವುದಿದೆ ಎಂದರು. ಮೂರನೆಯವರು ಎರಡು ಕೈ ಮುಗಿದರು, ಯಾಕೆಂದು ಈವರೆಗೂ ತಿಳಿದಿಲ್ಲ. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷ ರಂಗನಾಥ್ ಮಾತ್ರ ಗಂಭೀರವಾಗಿ ಬರೆದರು: "ಪಾರ್ಕ್ ಸುತ್ತ ಟೈಲ್ಸ್ ಹಾಕಿಸಿದ್ದೇವೆ. ಅಲ್ಲೇ ರೌಂಡ್ ಹೊಡೆಯಲಿ. ಬೆಲ್ ಮಾಡಬಾರದು."

ಮಾರ್ತಾ ನಮ್ಮನ್ನು ಕೇಳುವುದು ಬಿಟ್ಟಳು. ಒಂದು ಬೆಳಿಗ್ಗೆ ಮೇನ್ ರೋಡಿನಲ್ಲಿ ಮೂರು ಹಸುಗಳನ್ನು ಕಂಡು ಅವುಗಳ ಹಿಂದೆ ಹೊರಟೇಬಿಟ್ಟಳು.

ಹಸುಗಳು ಮುನಿತಾಯಮ್ಮನವು. ಸಿಂಗಾಪುರದವರು (ವಿಮಾನ ಬೇಡ, ನಮ್ಮ ಪಕ್ಕದ ಸಿಂಗಾಪುರ). ಅರವತ್ತು ದಾಟಿದ ಹೆಂಗಸು. ಬೆಳಿಗ್ಗೆ ನಮ್ಮ ಬೀದಿಗೆ ಹಾಲು ಹಾಕಿ, ಆಮೇಲೆ ದನ ಹೊಡೆದುಕೊಂಡು ಲೇಔಟಿನ ಹಿಂದಿನ ಕೆರೆಯ ಕಡೆ ಹೋಗುತ್ತಾರೆ. "ನಮ್ಮೂರಲ್ಲೂ ಗುಡ್ಡದ ದಾರಿಗಳನ್ನ ಮೊದಲು ಮಾಡಿದ್ದು ದನಗಳೇ" ಎಂದು ಮಾರ್ತಾ ಆಮೇಲೆ ನನಗೆ ವಿವರಿಸಿದಳು. ಅವಳಿಗೂ ಮುನಿತಾಯಮ್ಮನಿಗೂ ಗೊತ್ತಿರುವ ಒಂದು ಭಾಷೆ ಇಲ್ಲ. ಮೂರೇ ದಿನದಲ್ಲಿ ಗೆಳತಿಯರಾದರು. ನನಗೂ ಮುನಿತಾಯಮ್ಮನಿಗೂ ಕನ್ನಡ ಚೆನ್ನಾಗಿ ಬರುತ್ತದೆ, ಹದಿನೆಂಟು ವರ್ಷದಲ್ಲಿ "ಅರ್ಧ ಲೀಟರ್ ಜಾಸ್ತಿ ಹಾಕಿ" ಎಂಬುದರಾಚೆ ಮಾತು ಬೆಳೆದಿರಲಿಲ್ಲ.

ಮುಂದಿನ ಭಾನುವಾರ ಮಾರ್ತಾ ನನ್ನನ್ನೂ ಎಳೆದಳು. ಮಗಳ ಹಳೆಯ ಬುಟ್ಟಿ ಸೈಕಲ್ಲಿಗೆ ಗಾಳಿ ಹೊಡೆಸಿ ಹೊರಟೆ. ಮೇನ್ ರೋಡು ಸುತ್ತಿ, ಬಸ್ಸುಗಳಿಗೆ ಹೆದರಿ, ಕಡೆಗೆ ಒಂದು ಗುಜರಿ ಅಂಗಡಿಯ ಪಕ್ಕ ಒಳಗೆ ತಿರುಗಿದೆವು. ಅಲ್ಲಿಂದ ಕೆಂಪು ಮಣ್ಣಿನ ದಾರಿ. ನೀಲಗಿರಿ ತೋಪಿನೊಳಗೆ ಇಳಿಯಿತು, ಬಂಡೆಯೊಂದನ್ನು ಬಳಸಿತು, ಕೆರೆಯ ಏರಿಯ ಮೇಲೆ ಹತ್ತಿತು. ಮಾರ್ತಾ ಹಾರಿಕೊಂಡು ಹೋದಳು. ನಾನು ಲಂಟಾನ ಪೊದೆಯೊಳಗೆ ಬಿದ್ದೆ. ಮೊಣಕೈ ತರಚಿತು. ಎದ್ದು ನೋಡಿದರೆ ಎದುರಿಗೆ ನೀರು, ಅದರ ಅಂಚಿನಲ್ಲಿ ಬೆಳ್ಳಕ್ಕಿಗಳು. ನಮಗೆ ಸೈಟ್ ಮಾರುವಾಗ ಲೇಕ್ ವ್ಯೂ ಎಂದಿದ್ದರು. ಆ ವ್ಯೂ ಕಾಣಲು ನಾನು ಸೈಕಲ್ಲಿನಿಂದ ಬೀಳಬೇಕಾಯಿತು.

ಅಷ್ಟರಲ್ಲಿ ಮುನಿತಾಯಮ್ಮನೂ ದನಗಳೂ ಬಂದರು. ಮೂವರಲ್ಲ, ಆರು ಜೀವ ಜೊತೆಯಾಗಿ ಏರಿಯ ಕೊನೆಗೆ ನಡೆದೆವು. ಅಲ್ಲಿ ದಾರಿ ಒಂದು ಕಬ್ಬಿಣದ ಗೇಟಿಗೆ ಮುಗಿಯಿತು. ಬೀಗ ಹಾಕಿತ್ತು. ಗೇಟಿನಾಚೆ ನಮ್ಮದೇ ಲೇಔಟು. ನಮ್ಮ ಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು.

ಗೇಟಿನ ಮೇಲೆ ಹಸಿರು ಬೋರ್ಡು. "ಇದು ಖಾಸಗಿ ಬಡಾವಣೆ. ಹೊರಗಿನವರಿಗೂ ಜಾನುವಾರುಗಳಿಗೂ ಪ್ರವೇಶವಿಲ್ಲ." ಒಂದೇ ಒಂದು ಕಾಗುಣಿತ ತಪ್ಪಿಲ್ಲ. ಇರುವುದು ಸಾಧ್ಯವೂ ಇಲ್ಲ, ಅದನ್ನು ಬರೆದುಕೊಟ್ಟವಳು ನಾನು. ಎರಡು ವರ್ಷದ ಹಿಂದೆ ರಂಗನಾಥ್ ಬಂದು, "ಪೇಪರಿಗೆಲ್ಲ ಬರೀತೀರಲ್ಲ ಮೇಡಂ, ಒಂದೆರಡು ಲೈನ್ ಬರ್ಕೊಡಿ" ಎಂದಿದ್ದರು. ಗೇಟು ಎಲ್ಲಿ ಬರುತ್ತದೆ ಎಂದು ನಾನು ಕೇಳಿರಲಿಲ್ಲ. ವಾಕ್ಯದ ಲಯ ಚೆನ್ನಾಗಿ ಬಂತು ಎಂದು ಖುಷಿಪಟ್ಟಿದ್ದೆ.

"ಅದ್ರಲ್ಲಿ ಏನ್ ಬರ್ದವ್ರೆ ಮೇಡಮ್ಮೋರೆ?" ಎಂದರು ಮುನಿತಾಯಮ್ಮ. ಅವರಿಗೆ ಓದಲು ಬರುವುದಿಲ್ಲ.

"ಗೇಟ್ ಮುಚ್ಚಿದೆ ಅಂತ" ಎಂದೆ.

"ಅದು ಕಾಣ್ತದಲ್ಲ" ಎಂದರು.

ಆಮೇಲೆ ಅವರಾಗಿಯೇ ಹೇಳಿದರು, ದೂರುವ ದನಿಯಲ್ಲಿ ಅಲ್ಲ, ಸಮಾಚಾರ ಹೇಳುವ ಹಾಗೆ. "ಮೊದ್ಲು ಇಂಗೇ ಓಡಾಡ್ತಿದ್ವಿ. ನಮ್ಮತ್ತೆ ಕಾಲ್ದಿಂದ್ಲೂ ಇದೇ ದಾರಿ. ಈಗ ಮೇನ್ ರೋಡ್ ಸುತ್ಕಂಡ್ ಬರ್ಬೇಕು. ಓದ್ ವರ್ಷ ಅಲ್ಲೇ ಟೆಂಪೋ ಗುದ್ದಿ ಇವ್ಳ ಕಾಲು ಇಂಗಾಯ್ತು." ಕೆಂದು ಬಣ್ಣದ ಹಸು ಹಿಂಗಾಲು ಎಳೆಯುತ್ತ ನಿಂತಿತ್ತು.

ಬೋರ್ಡು ಬರೆದದ್ದು ಯಾರೆಂದು ಮಾರ್ತಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬೋರ್ಡನ್ನೊಮ್ಮೆ ನೋಡಿ ಸೈಕಲ್ ತಿರುಗಿಸಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮುನಿತಾಯಮ್ಮನಿಗೆ ಹೇಳುವ ಧೈರ್ಯ ಅಂದು ಬರಲಿಲ್ಲ.

ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ಗೇಟು ತೆರೆಯಬೇಕು ಎಂದೆ. ಸೆಕ್ಯೂರಿಟಿ ಪ್ರಾಬ್ಲಂ ಎಂದರು. ಸಗಣಿ ಎಂದರು. (ಹೀಗೆಂದ ದಂಪತಿ ಗೃಹಪ್ರವೇಶದ ದಿನ ಇದೇ ಕೆಂದ ಹಸುವನ್ನು ಹಾಲ್‌ವರೆಗೂ ಕರೆದೊಯ್ದು ಆರತಿ ಎತ್ತಿದ್ದರು. ಆ ದಿನದ ಸಗಣಿ ಶುಭವಾಗಿತ್ತು.) "ಹೊರಗಿನವರನ್ನ ಹೆಂಗ್ ನಂಬೋದು ಮೇಡಂ?" ಎಂದರು ರಂಗನಾಥ್.

ಹಿಂದಿನ ಸಾಲಿನಲ್ಲಿ ಕೂತಿದ್ದ ಮಾರ್ತಾ ಕೈ ಎತ್ತಿದಳು. ಸೈಕಲ್ ತುಳಿಯಲು ತನಗೆ ಆ ಗೇಟು ಬೇಕು ಎಂದಳು. ಅಷ್ಟೇ. "ಶ್ಯೂರ್ ಮೇಡಂ, ವೈ ನಾಟ್" ಎಂದು ರಂಗನಾಥ್ ಅಲ್ಲೇ ಬೀಗದ ಕೈ ತರಿಸಿಕೊಟ್ಟರು. ಕೊಡುವಾಗ ಫೋಟೋ ತೆಗೆಸಿ ಗ್ರೂಪಿಗೆ ಹಾಕಿದರು. ಬಂದು ಎರಡು ತಿಂಗಳಾಗದ ಮಾರ್ತಾ ಒಳಗಿನವಳಾದಳು.

ಮರುದಿನ ಬೆಳಿಗ್ಗೆ ಮಾರ್ತಾ ಬೀಗ ತೆಗೆದು, ಗೇಟನ್ನು ಪೂರ್ತಿ ಹಿಡಿದು ನಿಂತಳು. ಮೊದಲು ಮೂರು ಹಸು ಹೋದವು. ಆಮೇಲೆ ಮುನಿತಾಯಮ್ಮ. ಕೊನೆಗೆ ಸೈಕಲ್. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಯಾರೋ ಸಿಸಿಟಿವಿ ನೋಡಿದರು.

ಅರ್ಜೆಂಟ್ ಮೀಟಿಂಗ್ ಸೇರಿತು. ಮಾರ್ತಾಳಿಂದ ಬೀಗದ ಕೈ ವಾಪಸ್ ತಗೊಳ್ಳೋಣ ಎಂದರು. ನಾನು ಸ್ಕ್ರೂಡ್ರೈವರ್ ಹಿಡಿದೇ ಹೋಗಿದ್ದೆ. "ಬೋರ್ಡ್ ಬರ್ದಿದ್ದು ನಾನು, ಈಗ್ಲೇ ಹೋಗಿ ಬಿಚ್ತೀನಿ. ಗೇಟ್ ಮುಚ್ಚೋದಾದ್ರೆ ಮುಂದಿನ್ ವಾರ ಪೇಪರಲ್ಲಿ ಎಲ್ಲಾ ಬರೀತೀನಿ" ಎಂದೆ. ಪೇಪರ್ ಎಂದದ್ದೇ ರಂಗನಾಥ್ ಟೈಮಿಂಗ್ಸ್ ಮಾತಾಡತೊಡಗಿದರು. ಬೋರ್ಡು ಬಿಚ್ಚಿದೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಸಂಜೆ ಒಂದು ಗಂಟೆ ಹೊತ್ತು, ಗೇಟು ತೆರೆದಿರುವುದೆಂದು ತೀರ್ಮಾನವಾಯಿತು. (ಬರೆಯುವುದಿಲ್ಲ ಎಂದು ನಾನೇನೂ ಮಾತು ಕೊಟ್ಟಿರಲಿಲ್ಲ.) ಮುನಿತಾಯಮ್ಮನಿಗೂ ನಿಜ ಹೇಳಿದೆ. "ನೀವಾ ಬರ್ದಿದ್ದು?" ಎಂದು ನನ್ನನ್ನೇ ನೋಡಿದರು. "ಓಗ್ಲಿ ಬುಡಿ" ಎಂದರು. ಎರಡು ದಿನ ಹಾಲು ಹಾಕಿ ಮಾತಾಡದೆ ಹೋದರು.

ಸಂಘ ಬಿಟ್ಟುಕೊಡದ ಷರತ್ತು ಒಂದೇ. ಗೇಟಿನಲ್ಲಿ ಸೆಕ್ಯೂರಿಟಿ, ಅವರ ಕೈಯಲ್ಲಿ ವಿಸಿಟರ್ಸ್ ಪುಸ್ತಕ. ಹೆಸರು, ಎಲ್ಲಿಂದ ಬಂದದ್ದು, ಯಾಕೆ. ಡ್ಯೂಟಿಯಲ್ಲಿರುವ ಬಸಣ್ಣ ಬೀದರ್ ಕಡೆಯವರು, ಮರ್ಯಾದಸ್ಥರು. ಮೊದಲ ದಿನ ಮುನಿತಾಯಮ್ಮನ ಹೆಸರು ಬರೆದುಕೊಂಡು ಕೇಳಿದರು.

"ಎಲ್ಲಿಂದ ಬಂದೀರಿ ಯಮ್ಮಾ?"

"ನಾನ್ ಎಲ್ಗೂ ಓಗೇ ಇರ್ನಿಲ್ವಲ್ಲಪ್ಪ" ಎಂದರು ಮುನಿತಾಯಮ್ಮ.

ಬಸಣ್ಣ ಪೆನ್ನು ಹಿಡಿದು, ಪಕ್ಕದಲ್ಲೇ ನಿಂತಿದ್ದ ನನ್ನ ಮುಖ ನೋಡಿದರು. ಆ ಕಾಲಂ ಇನ್ನೂ ಖಾಲಿ ಇದೆ. ನೀವಾಗಿದ್ದರೆ ಏನು ಬರೆಸುತ್ತಿದ್ದಿರಿ?