ಹೆಸರು ಕಟ್ಟಿದ ಕಸಿ

ಹೂಡಿಯ ಸೊಣ್ಣಮ್ಮನಿಗೆ ಓದು ಬರುತ್ತಿರಲಿಲ್ಲ. ಮಾವಿನ ಕಸಿ ಕಟ್ಟುವುದರಲ್ಲಿ ಮಾತ್ರ ಅವಳು ಕೆಲಸಕ್ಕಿದ್ದ ತರಬೇತಿ ತೋಟದಲ್ಲಿ ಅವಳನ್ನು ಮೀರಿಸುವ ಕೈ ಇರಲಿಲ್ಲ. ತೊಂಬತ್ನಾಲ್ಕರ ಮಳೆಗಾಲದಲ್ಲಿ ತೋಟಗಾರಿಕೆ ಕಾಲೇಜಿನ ಹನ್ನೆರಡು ಮಕ್ಕಳು ಕೈಕೆಲಸ ಕಲಿಯಲು ಬಂದರು. ಮಾವಿನ ವಾಟೆಯಿಂದ ಎದ್ದ ಸಸಿಯನ್ನು ಸೀಳಿ, ಬಾದಾಮಿ ಮಾವಿನ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುವುದನ್ನು ಕಲಿಸಿದಳು. ಕೊನೆಗೆ ಅವರು ತಂತಮ್ಮ ಗಿಡಕ್ಕೆ ಹೆಸರಿನ ಚೀಟಿ ಕಟ್ಟಹೋದಾಗ ಕೈ ಅಡ್ಡ ಹಿಡಿದಳು.

“ಚಿಗುರೋ ಗಂಟ ಬದುಕಿರೋರ ಎಸರು ಕಟ್ಬ್ಯಾಡ್ರಪ್ಪಾ. ಗಾಯ ಇನ್ನೂ ಬಾಯ್ಬಿಟ್ಕೊಂಡಿರ್ತದೆ.”

“ಹೆಸರಿಲ್ದೆ ಮಾರ್ಕ್ಸ್ ಯಾರಿಗ್ ಕೊಡ್ತಾರಜ್ಜಿ, ನಿಮ್ಗಾ?” ಅವರಲ್ಲೊಬ್ಬ, ಕೊಟ್ರೇಶ, ನಕ್ಕ. ಎಲ್ಲರೂ ಕಟ್ಟಿದರು.

ಹಿಂದೊಮ್ಮೆ ತೋಟದ ಮೇಸ್ತ್ರಿ ಹೀಗೇ ತಮಾಷೆಗೆ ಹೊಸ ಕಸಿಯೊಂದಕ್ಕೆ ಅವಳ ಗಂಡ ಪಾಪಯ್ಯನ ಹೆಸರು ಕಟ್ಟಿದ್ದ. ಕಡ್ಡಿ ಒಣಗಿದ ವಾರವೇ ಪಾಪಯ್ಯ ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಅದನ್ನು ಅವಳು ಮಕ್ಕಳಿಗೆ ಹೇಳಲಿಲ್ಲ.

ಹತ್ತನೇ ದಿನ ಹನ್ನೊಂದು ಕಡ್ಡಿ ಹಸಿರಾಗಿದ್ದವು, ಒಂದು ಕಪ್ಪಿಟ್ಟಿತ್ತು. ಯಾರದೆಂದು ಓದಿಸಲು ಕಾವಲಿನ ದ್ಯಾಮಣ್ಣನನ್ನು ಕೂಗಿದಳು.

“ಸ್ಫೂರ್ತಿ ಅಂತೈತೆ. ಆ ಹುಡ್ಗಿ ಮೂರ್ದಿನದಿಂದ ಬಂದಿಲ್ವಲ್ಲಕ್ಕ! ವಿಷಮಜ್ವರ ಅಂತೆ, ಆಸ್ಪತ್ರೆಗಾಕವ್ರೆ.”

ಗಾಳಿ ಇರಲಿಲ್ಲ. ಆ ಒಂದು ಚೀಟಿ ಮಾತ್ರ ಅಲ್ಲಾಡುತ್ತಿತ್ತು.

“ಕಿತ್ತು ಬಿಸಾಕಕ್ಕ ಅತ್ಲಾಗೆ.”

“ಬರೀ ಕಿತ್ರೆ ಸಾವು ಆ ಎಸರನ್ನೇ ಉಡುಕ್ಕೊಂಡು ಓಗ್ತದೆ ಕಣೋ. ಬದಲಿಗೊಂದು ಕೊಡ್ಬೇಕು. ನನ್ನೆಸರು ಬರಿ.”

“ನಿಂಗೇನ್ ತಲೆ ಕೆಟ್ಟೈತಾ?”

“ಬರಿಯೋ. ಅರವತ್ತು ಮಾವಿನ ಸುಗ್ಗಿ ನೋಡಿವ್ನಿ ನಾನು. ಆ ಮಗು ಇನ್ನೂ ಇಪ್ಪತ್ತು ಕಂಡಿಲ್ಲ.”

ಸತ್ತ ಕಡ್ಡಿಯನ್ನು ಕತ್ತರಿಸಿ, ಕೆಳಗಿನ ಹಸಿ ಕಾಂಡದಲ್ಲಿ ಹೊಸದನ್ನು ಕೂರಿಸಿದಳು. ಮೊದಲು ತನ್ನ ಚೀಟಿ ಕಟ್ಟಿ, ಆಮೇಲೆ ಹುಡುಗಿಯದನ್ನು ಬಿಚ್ಚಿದಳು. ಬಿಚ್ಚುವಾಗ ಬೆರಳ ತುದಿಯಿಂದ ಮೊಣಕೈವರೆಗೆ ತಣ್ಣಗೆ ಏನೋ ಹತ್ತಿದಂತಾಯಿತು.

ಮಾರನೆಯ ದಿನವೇ ಜ್ವರ ಇಳಿಯಿತೆಂದು ಸುದ್ದಿ ಬಂತು. ಎರಡು ವಾರಕ್ಕೆ ಸ್ಫೂರ್ತಿ ಕಡ್ಡಿಯಂತಾಗಿ ತೋಟಕ್ಕೆ ಬಂದು, ನೇರ ತನ್ನ ಗಿಡದ ಬಳಿ ಕೂತಳು.

“ಅಜ್ಜೀ, ಇದ್ರಲ್ಲಿ ನಿಮ್ಮ ಹೆಸರಿದೆ!”

“ತೊಗಟೆ ಗೀರಿ ನೋಡವ್ವ. ಒಳಗ್ಯಾವ ಬಣ್ಣ?”

ಆ ಹೊತ್ತಿನವರೆಗೂ ಸೊಣ್ಣಮ್ಮ ಅದನ್ನು ಗೀರಿ ನೋಡಿರಲಿಲ್ಲ. ಹುಡುಗಿ ಉಗುರಿನಿಂದ ಗೀರಿದಳು.

“ಕಂದು. ಸತ್ತೋಗಿದೆ ಅಜ್ಜಿ. ಚೀಟಿ ಬಿಚ್ಲಾ?”

ಸೊಣ್ಣಮ್ಮ ಥಟ್ಟನೆ ಅವಳ ಕೈ ಹಿಡಿದಳು. ಆ ಕೈ ತಣ್ಣಗಿತ್ತು. ಜ್ವರ ಪೂರಾ ಬಿಟ್ಟಿತ್ತು. ತನ್ನ ಕೈ ಮಾತ್ರ ಸುಡುತ್ತಿತ್ತು.

“ಅದಿರ್ಲಿ ಬಿಡು,” ಎಂದು ಸೊಂಟದಿಂದ ಕಸಿ ಚಾಕು ತೆಗೆದು ಹುಡುಗಿಯ ಅಂಗೈಲಿಟ್ಟಳು. “ನಾಳೆ ಬರೋ ಮಕ್ಳಿಗೆ ನೀನೇ ತೋರ್ಸು. ಸೀಳು ಭಾಳ ಆಳ ಮಾಡ್ಬ್ಯಾಡ.”