ಕಾಕಾ ತಣಿಸಿದ ಬಳೆಗಳು

ಮಗಳು ಒತ್ತಾಯ ಮಾಡಿ ಕೊಡಿಸಿದ ತಂಪು ಕನ್ನಡಕ ಹಾಕಿಕೊಂಡು ಕಳೆದ ವಾರ ಪುಣೆಯ ಬಿಬವೇವಾಡಿಯ ಸಿಗ್ನಲ್‌ನಲ್ಲಿ ರಿಕ್ಷಾದೊಳಗೆ ಕೂತಿದ್ದೆ. ಬಿಸಿಲು ಕಣ್ಣಿಗೆ ಚುಚ್ಚಬಾರದೆಂದು ಅವಳ ಕಾಳಜಿ. ಈ ವಯಸ್ಸಿನಲ್ಲಿ ನನಗೇಕೆ ಸಿನಿಮಾ ನಟಿಯ ವೇಷ ಎಂದು ನನ್ನ ಗೊಣಗಾಟ. ಮುಂದೆ ನಿಂತಿದ್ದ ಕಾರಿನ ಹಿಂದಿನ ಗಾಜಿನ ಮೇಲೆ ಸಾಲುಸಾಲಾಗಿ ಮಚ್ಚೆಗಳು ಕಂಡವು. ಕನ್ನಡಕ ತೆಗೆದರೆ ಗಾಜು ಸ್ವಚ್ಛ. ಹಾಕಿಕೊಂಡರೆ ಮತ್ತೆ ಮಚ್ಚೆ, ಅಂಚಿನಲ್ಲಿ ತೆಳ್ಳಗೆ ನೇರಳೆ, ಹಸಿರು... ತೆಗೆಯುವುದು ಹಾಕುವುದು ಮಾಡುತ್ತಿದ್ದ ನನ್ನನ್ನು ರಿಕ್ಷಾದವನು ಕನ್ನಡಿಯಲ್ಲಿ ನೋಡಿ, "ಕಾಯ್ ಝಾಲಂ ಮಾವಶಿ?" ಎಂದ. ಏನೂ ಆಗಿಲ್ಲ ಎಂದೆ. ಧನಕವಡಿಯ ಗಾಜಿನ ಕಾಕಾ ಬಹಳ ದಿನಗಳ ಮೇಲೆ ನೆನಪಾಗಿದ್ದರು, ಅಷ್ಟೇ.

ನಮ್ಮ ಅಪ್ಪ ವಿಜಯಪುರದ ಕಡೆಯಿಂದ ಬಂದು ಪುಣೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಧನಕವಡಿಯಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಅವರು ಬೆಳಗಾವಿ ಕಡೆಯವರು. ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಬೇಕಾದ ಗಾಜಿನ ನಳಿಗೆ, ಬುರುಡೆಗಳನ್ನೆಲ್ಲ ಬೆಂಕಿಯ ಮುಂದೆ ಕೂತು ಊದಿ ಮಾಡುವುದು ಅವರ ಕೆಲಸ. ಊದಿ ಊದಿ ಅವರ ಕೆನ್ನೆ ಸ್ವಲ್ಪ ಉಬ್ಬಿಕೊಂಡೇ ಇರುತ್ತಿತ್ತು, ಸದಾ ಏನೋ ಹೇಳಲು ಬಾಯಿ ತೆರೆಯುವವರ ಹಾಗೆ. ಹೇಳುತ್ತಲೂ ಇದ್ದರು. ಚಹಾದ ಲೋಟ ಕೈಗೆ ಕೊಟ್ಟರೆ ಮೊದಲು ಬೆಳಕಿಗೆ ಹಿಡಿದು ತಿರುಗಿಸಿ ನೋಡುವರು. ಆಮೇಲೆ ಮಾತು. ಚಹಾ ಆರಿ ಹೋಗಿರುತ್ತಿತ್ತು. "ನಮ್ಮ ಮನಿಯವರಿಗೆ ಹೆಂಡತಿ ಮುಖಕ್ಕಿಂತ ಲೋಟದ ತಳಾನ ಹೆಚ್ಚು ಗುರ್ತು" ಎಂದು ಅವರ ಹೆಂಡತಿ, ನಮ್ಮ ಕಾಕು, ನಗುತ್ತಿದ್ದರು.

ಗಾಜು ಉಸುಕಿನ ಮಗು ಎಂದು ನಾನು ಮೊದಲು ಕೇಳಿದ್ದು ಅವರಿಂದಲೇ. ಉಸುಕಿನಲ್ಲಿ ಹೇಗೂ ಒಂದಿಷ್ಟು ಕಬ್ಬಿಣ ಸೇರಿರುತ್ತದೆ, ಅದಕ್ಕೇ ಏನೂ ಬೆರೆಸದೆ ಕರಗಿಸಿದ ಗಾಜು ಹಸಿರಾಗಿ ಬರುತ್ತದೆ. "ಹಸರು ಅಂದ್ರ ಗಾಜಿನ ತವರಮನಿ ಬಣ್ಣ ನೋಡವಾ. ಬಿಳೇದು ಮಾಡಾಕ ಭಾಳ ತ್ರಾಸು" ಎನ್ನುತ್ತಿದ್ದರು. ಚಿಟಿಕೆ ಕೋಬಾಲ್ಟ್ ಬಿದ್ದರೆ ಕಡು ನೀಲಿ, ಬಂಗಾರವನ್ನು ಕರಗಿಸಿ ಸೇರಿಸಿದರೆ ಮಾಣಿಕ್ಯದ ಕೆಂಪು. ಕಬ್ಬಿಣದ ಹಸಿರನ್ನು ತೊಳೆಯಲು ಮ್ಯಾಂಗನೀಸ್ ಹಾಕಿದ ಹಳೆಯ ಬಾಟಲಿಗಳು ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ತಾವೇ ನಸುನೇರಳೆಯಾಗುತ್ತವಂತೆ. ನಮ್ಮ ಕಡೆಯ ಹಳೇ ಕೋಟೆಗಳ ಸುತ್ತ ನೆಲ ಅಗೆದರೆ ಬಹಮನಿ ಸುಲ್ತಾನರ ಕಾಲದ ಬಳೆಚೂರುಗಳು ಇಂದಿಗೂ ಸಿಗುತ್ತವೆ, ತೊಟ್ಟವರ ಗುರುತು ಸಿಗುವುದಿಲ್ಲ ಎಂದು ಹೇಳುತ್ತಿದ್ದರು. ನಾನು ಅರ್ಧ ಕೇಳುತ್ತಿದ್ದೆ, ಅರ್ಧ ಆಕಳಿಸುತ್ತಿದ್ದೆ.

ಈ ಮಾತೆಲ್ಲ ನಮ್ಮ ಉಪಯೋಗಕ್ಕೆ ಬಂದದ್ದು ಅಕ್ಕನ ಮದುವೆಯಲ್ಲಿ. ಅವಳಿಗೆ ಮೊದಲು ಬಂದಿದ್ದ ಒಂದು ಸಂಬಂಧ ನಿಶ್ಚಯವಾದ ಮೇಲೆ ಮುರಿದಿತ್ತು. ಅವಳ ತಪ್ಪೇನೂ ಇರಲಿಲ್ಲ. ಆದರೂ ನೆಂಟರಿಷ್ಟರು ಮಾತಾಡಿದರು, ಅವಳು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಎರಡನೆಯದು ಕೂಡಿ ಬಂದಾಗ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದುಕೊಂಡೇ ಓಡಾಡುತ್ತಿದ್ದೆವು.

ಮದುವೆಗೆ ಎರಡು ದಿನ ಮೊದಲು ಬಳೆಗಾರ ಬಂದು ಅಕ್ಕನ ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ ಹೋದ. ಮರುದಿನ ಬೆಳಿಗ್ಗೆ ವರನ ಸೋದರತ್ತೆ ಅರಿಶಿನ ತಂದರು. ವರನಿಗೆ ಹಚ್ಚಿ ಉಳಿದ ಅರಿಶಿನವನ್ನೇ ವಧುವಿಗೆ ಹಚ್ಚುವುದು ನಮ್ಮಲ್ಲಿ ಪದ್ಧತಿ. ತಾಯಿಯಿಲ್ಲದ ಹುಡುಗನನ್ನು ಸಾಕಿದವರು ಆ ಅತ್ತೆಯೇ. ಆ ಮನೆಯಲ್ಲಿ ಅವರ ಮಾತೇ ಕಡೆಯ ಮಾತು. ಚಳಿಗಾಲ. ತಾಮ್ರದ ಬಂಬದಲ್ಲಿ ನೀರು ಹಬೆಯಾಡುವಷ್ಟು ಕಾದಿತ್ತು. ಅರಿಶಿನ ಹಚ್ಚಿ ಮೊದಲ ತಂಬಿಗೆ ಬಿಸಿನೀರು ಕೈಮೇಲೆ ಹೊಯ್ದರು, ನೋಡಿ... ಟಕ್ ಎಂದಿತು. ಮತ್ತೊಂದು ಟಕ್. ಯಾರೂ ಮುಟ್ಟಿಲ್ಲ, ಎಲ್ಲಿಗೂ ತಾಗಿಲ್ಲ, ಬಳೆಗಳು ಒಂದರ ಹಿಂದೊಂದು ತಾವಾಗಿಯೇ ಒಡೆದು ಅರಿಶಿನ ನೀರಿನಲ್ಲಿ ಬಿದ್ದವು.

ಅತ್ತೆ ತಂಬಿಗೆ ಕೆಳಗಿಟ್ಟರು. "ಇದು ಛಲೋ ಲಕ್ಷಣ ಅಲ್ರಿ. ಮುಹೂರ್ತ ಮುಂದ ಹಾಕೋಣು" ಎಂದರು. ಗದರಿ ಹೇಳಲಿಲ್ಲ, ಹೆದರಿ ಹೇಳಿದರು. ಮುಂದೆ ಹಾಕಿದರೆ ಈ ಮದುವೆಯೂ ಹೋದ ಹಾಗೆಯೇ ಎಂದು ನಮಗೆಲ್ಲ ಗೊತ್ತಿತ್ತು. ಅಕ್ಕ ಒದ್ದೆ ಸೀರೆಯ ಸೆರಗಿನೊಳಗೆ ಎರಡೂ ಕೈ ಮುಚ್ಚಿಕೊಂಡು ಕೂತು ಜೋರಾಗಿ ಅಳತೊಡಗಿದಳು.

ಅಳು ಕೇಳಿ ಕಾಕಾ, ಕಾಕು ಇಬ್ಬರೂ ಓಡಿ ಬಂದರು. ಕಾಕಾ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ಅತ್ತೆಯ ಕಡೆ ತಿರುಗಿದರು. "ಅಕ್ಕಾರ, ಲಕ್ಷಣದ ಮಾತಲ್ರಿ ಇದು. ಭಟ್ಟಿಯಿಂದ ತಗದ ಮ್ಯಾಲೆ ಬಳಿ ಸಾವಕಾಶ ತಣಿಸಬೇಕು. ಗಡಿಬಿಡಿ ಮಾಡಿದ್ರ ಮ್ಯಾಲಿಂದು ಲಗೂನ ಗಟ್ಟಿಯಾಗ್ತದ, ಒಳಗ ಬಿಗಿ ಉಳೀತದ. ಬಿಸಿನೀರು ಬಿದ್ದ ಕೂಡ್ಲೆ..."

"ನಿಮ್ಮ ಕಾಲೇಜಿನ ಮಾತು ಕಾಲೇಜಿನಾಗ ಇರ್ಲಿ" ಎಂದರು ಅತ್ತೆ.

ಕಾಕಾ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದರು. ಮುಗಿಯಿತು ಎಂದುಕೊಂಡೆ. ಆದರೆ ಅವರು ಹೋದದ್ದು ಮನೆಯಿಂದ ಟೇಬಲ್ ಲ್ಯಾಂಪ್ ಮತ್ತು ಗಾಜಿನೊಳಗಿನ ಬಿಗಿ ಪರೀಕ್ಷಿಸುವ, ನನ್ನ ಈ ತಂಪು ಕನ್ನಡಕದಂಥವೇ ಹೊಗೆಬಣ್ಣದ ಎರಡು ಹಾಳೆ ತರಲು. ಒಂದು ಹಾಳೆಯನ್ನು ದೀಪದ ಮುಂದೆ ನಿಲ್ಲಿಸಿ ಇನ್ನೊಂದನ್ನು ಅತ್ತೆಯ ಕೈಗೆ ಕೊಟ್ಟು, ಬೆಳಕು ಪೂರಾ ಕಪ್ಪಾಗುವವರೆಗೆ ತಿರುಗಿಸಲು ಹೇಳಿದರು. ಬಳೆಗಾರ ಹೆಚ್ಚಿಗೆ ಇರಲೆಂದು ಬಿಟ್ಟುಹೋಗಿದ್ದ ಕಟ್ಟಿನಿಂದ ಒಂದು ಬಳೆ ತೆಗೆದು ಎರಡು ಹಾಳೆಗಳ ನಡುವೆ ಹಿಡಿದರು. ಈ ಸಲ ಏನೂ ವಿವರಿಸಲಿಲ್ಲ. "ನೀವ ನೋಡಿ ಆರಿಸ್ರಿ, ಅಕ್ಕಾರ" ಎಂದರು.

ಅತ್ತೆ ಬಗ್ಗಿ ನೋಡಿದರು. ಕಪ್ಪಿನ ನಡುವೆ ಆ ಬಳೆ ಹಳದಿ, ನೀಲಿ ಗೆರೆಗಳಿಂದ ಹೊಳೆಯುತ್ತಿತ್ತು. "ಅಯ್ಯ, ನವಿಲಿನ ಕುತಗಿ ಆಗೇದಲ್ಲೋ ತಮ್ಮಾ" ಎಂದು ಅದನ್ನು ಮಡಿಲಿಗೆ ಹಾಕಿಕೊಂಡರು. ಮತ್ತೊಂದು ನೋಡಿದರು, ಅದೂ ಹೊಳೆಯಿತು, ಅದೂ ಮಡಿಲಿಗೆ. ಬಣ್ಣ ಕಂಡದ್ದೆಲ್ಲ ಶುಭವೆಂದು ಆರಿಸತೊಡಗಿದ್ದರು. ಕಾಕಾ ತಲೆ ಕೆರೆದುಕೊಂಡರು. "ಹಂಗಲ್ರಿ ಅಕ್ಕಾರ, ಬಣ್ಣ ಇದ್ದಲ್ಲೆ ಬಿಗಿ ಅದ. ಏನೂ ಕಾಣದಂಗ ಕರ್ರಗ ಇರಬೇಕು, ಅದು ಛಲೋ ಬಳಿ."

"ಕರಿದು? ಮದಿವಿಗೆ?" ಅತ್ತೆ ಹಾಳೆ ಕೆಳಗಿಟ್ಟರು.

ಕಾಕಾನ ವಿದ್ಯೆ ಅಲ್ಲಿಗೆ ನಿಂತುಬಿಟ್ಟಿತು. ಆಗ ಬಾಗಿಲಲ್ಲಿ ನಿಂತಿದ್ದ ಕಾಕು ತಮ್ಮ ಕೊರಳಿನ ತಾಳಿಸರವನ್ನು ಅತ್ತೆಗೆ ಕಾಣುವಂತೆ ಎತ್ತಿ ಹಿಡಿದರು. "ಅಲ್ರಿ ವೈನಿ, ಈ ಕರಿಮಣಿ ಗಾಜಿಂದ ಅಲ್ಲೇನ್ರಿ? ಕರೀದಂತ ಯಾರರ ಬಿಟ್ಟಾರೇನು?"

ಅತ್ತೆ ತಮ್ಮ ಕೊರಳು ಮುಟ್ಟಿ ನೋಡಿಕೊಂಡರು. ಆಮೇಲೆ ಮಡಿಲಿನ ಬಳೆಗಳನ್ನೆಲ್ಲ ಸುರಿದು ಮತ್ತೆ ಮೊದಲಿನಿಂದ ನೋಡಲು ಕೂತರು. ಇಡೀ ಕಟ್ಟಿನಲ್ಲಿ ಕಪ್ಪಗೆ ಕಂಡದ್ದು ಒಂದೂ ಇರಲಿಲ್ಲ. ಕಾಕಾ ಅವನ್ನೆಲ್ಲ ಕಾಲೇಜಿನ ಭಟ್ಟಿಯಲ್ಲಿ ಕಾಯಿಸಿ ನಿಧಾನವಾಗಿ ತಣಿಸಿ ತರುವುದಾಗಿ ಹೇಳಿದರು. ಅತ್ತೆ ತಮ್ಮ ಕರವಸ್ತ್ರದಲ್ಲಿ ಬಳೆ ಕಟ್ಟಿ, ಗಂಟಿಗೆ ಕುಂಕುಮ ಹಚ್ಚಿ ಕೊಟ್ಟರು. ಕಾಕಾ ಅದನ್ನು ಹಸುಗೂಸಿನ ಹಾಗೆ ಎದೆಗೊತ್ತಿಕೊಂಡು ಬಸ್ಸು ಹತ್ತಿದರು.

ಮದುವೆಯ ಬೆಳಿಗ್ಗೆ ಕಾಕಾ ಗಂಟು ತಂದರು. ಅತ್ತೆ ಹಾಳೆ ಹಿಡಿದು ಒಂದೊಂದೇ ನೋಡಿದರು. ಕಪ್ಪು. ಕಪ್ಪು. ಕಪ್ಪು. "ಎಲ್ಲಾ ಸುಮ್ಮನಾಗ್ಯಾವ" ಎಂದು ತಾವೇ ಅಕ್ಕನ ಕೈಗೆ ತೊಡಿಸಿ, ತಾವೇ ಬಿಸಿನೀರು ಹೊಯ್ದರು. ನಾವೆಲ್ಲ ಕಿವಿಗೊಟ್ಟು ನಿಂತಿದ್ದೆವು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಮ್ಮ ಹಿತ್ತಲಿಗೆ ಹೋಗಿ ಗೋಡೆ ಹಿಡಿದುಕೊಂಡು ಅತ್ತುಬಿಟ್ಟಳು. ಅಕ್ಕ ನಕ್ಕಳು. ಎಷ್ಟು ದಿನಗಳ ಮೇಲೆ ನಕ್ಕಿದ್ದಳೋ...

ಅಂದಿನಿಂದ ನಮ್ಮ ಓಣಿಯ ಮದುವೆಗಳಿಗೆಲ್ಲ ಅದೇ ಪದ್ಧತಿಯಾಯಿತು. ಮರಾಠಿಯವರೂ ಬಳೆ ಗಂಟು ತಂದು ಕಾಕಾನ ಕೈಗಿಡುತ್ತಿದ್ದರು. ನಿವೃತ್ತರಾಗುವ ದಿನ ಅವರು ಕೊನೆಯದಾಗಿ ಭಟ್ಟಿಗಿಟ್ಟದ್ದು ಕಾಕುವಿನ ಹಸಿರು ಬಳೆಗಳನ್ನು.

ಕೆಲವು ವರ್ಷಗಳ ಹಿಂದೆ ಕಾಕಾ ಹೋದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಹೆಂಗಸರು ಕಾಕುವಿನ ಸುತ್ತ ಕೂತಿದ್ದರು. ಯಾರೋ ಹಿರಿಯರು ಬಳೆ ಒಡೆಯುವ ಶಾಸ್ತ್ರಕ್ಕೆ ಕಾಕುವಿನ ಕೈ ಎಳೆದುಕೊಂಡರು. ಕಾಕು ಬೇಡವೆನ್ನಲಿಲ್ಲ, ಕೈ ಬಿಡಿಸಿಕೊಳ್ಳಲೂ ಇಲ್ಲ, ಬಳೆಗಳನ್ನೇ ನೋಡುತ್ತಿದ್ದರು. ಅಕ್ಕನ ತೋಳು ಹಿಡಿದುಕೊಂಡು ಬಂದಿದ್ದ ಅದೇ ಅತ್ತೆ, ಬೆನ್ನು ಬಾಗಿ ಅರ್ಧವಾಗಿದ್ದವರು, ಹೊಸ್ತಿಲಲ್ಲೇ ನಿಂತು ಹೇಳಿದರು: "ಅವನ್ನ ಮುಟ್ಟಬ್ಯಾಡ್ರಿ. ತಣಿಸಿದವರು ಹೋಗ್ಯಾರ. ಬಳಿ ಆದರೂ ಇರ್ಲಿ."

ಹಿಡಿದ ಕೈ ಸಡಿಲವಾಯಿತು. ಕಾಕು ಆಮೇಲೆ ಅತ್ತರು, ಮನಸಾರೆ.

ಸಿಗ್ನಲ್ ಬಿಟ್ಟಿತು. ಮನೆಗೆ ಹೋಗುವವಳು ರಿಕ್ಷಾದವನಿಗೆ ಧನಕವಡಿಗೆ ತಿರುಗಿಸು ಎಂದೆ. ಕಾಕು ಟಿವಿ ಮುಂದೆ ಕೂತಿದ್ದರು. ಕನ್ನಡಕ ತೆಗೆಯದೆ, ಅಂದು ಹಾಳೆ ತಿರುಗಿಸಿದ ಹಾಗೆ ಟಿವಿ ಕಪ್ಪಾಗುವವರೆಗೆ ತಲೆ ವಾಲಿಸಿ, ಅವರ ಬಳೆ ತೊಟ್ಟ ಕೈಯನ್ನು ಅದರ ಮುಂದೆ ಹಿಡಿದು ನೋಡಿದೆ. "ಕುತಗಿ ಉಳುಕೀತು ಹುಚ್ಚಿ" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಬಣ್ಣ ಅದಾವೇನು?" ಎಂದರು.

"ಇಲ್ಲ ಕಾಕು. ಒಂದೂ ಇಲ್ಲ."

ಕಾಕು ತಲೆಯಾಡಿಸಿ ಒಳಗೆ ಹೋಗಿ ಚಹಾ ಮಾಡಿ ತಂದರು. ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದೆ. ಹಾಗೆ ಹಿಡಿದು ನೋಡುವವರು ಈಗ ಆ ಮನೆಯಲ್ಲಿ ಯಾರೂ ಇಲ್ಲ.